ಒಂಟೆ ಎಡವಿತ್ತು

ನನ್ನ ಬಾಯಿ ದೊಡ್ಡದು ಅಂತ ಈ ಕಣಿವೆಯಲ್ಲಿ ಎಲ್ಲರೂ ಹೇಳ್ತಾರೆ. ಹೇಳಲಿ ಬಿಡಿ. ಕಮ್ಮಾರ ಕುಲದಲ್ಲಿ ಹುಟ್ಟಿದವಳು ನಾನು, ಕಲ್ತೂಮ. ನಮ್ಮ ಗಂಡಸರು ಕಬ್ಬಿಣ ಬೆಳ್ಳಿ ಬಡೀತಾರೆ, ಹೆಂಗಸರು ನಾವು ತೊಗಲು ಹೊಲೀತೀವಿ. ಅದರ ಜೊತೆಗೆ ದೊಡ್ಡ ಕುಲದವರು ಆಡೋಕೆ ನಾಚೋ ಮಾತನ್ನೆಲ್ಲ ಅವರ ಪರವಾಗಿ ನಾವೇ ಆಡ್ತೀವಿ. ಹೆಣ್ಣು ಕೇಳೋಕೆ ನಾವು ಬೇಕು, ಕೊಟ್ಟ ಮಾತು ನೆನಪಿಸೋಕೆ ನಾವು ಬೇಕು, ಮುಖಕ್ಕೆ ಹೊಡೆದ ಹಾಗೆ ಬೈಯೋಕೂ ನಾವೇ ಬೇಕು. ಆಮೇಲೆ ಬಾಯಿ ದೊಡ್ಡದು ಅಂತ ಆಡ್ಕೊಳ್ಳೋದು.

ಅವರದು ಹಾಗಲ್ಲ. ಗಂಡಸರು ಮುಂಡಾಸಿನ ಸೆರಗನ್ನ ಮೂಗಿನ ಮೇಲಕ್ಕೆ ಎಳ್ಕೊಂಡೇ ಇರ್ತಾರೆ, ಬಾಯಿ ಕಾಣೋದೇ ಅವರಿಗೆ ನಾಚಿಕೆ. ಹಸಿದಿದ್ದರೂ ಹಸಿವು ಅನ್ನಲ್ಲ, ನೋವಾದರೂ ನೋವು ಅನ್ನಲ್ಲ. ಅತ್ತೆಯ ಎದುರಿಗೆ ಅಳಿಯ ಒಂದು ಗುಟುಕು ನೀರು ಕೂಡ ಕುಡಿಯಲ್ಲ, ಅವಳ ಹೆಸರು ನಾಲಿಗೆ ಮೇಲೆ ತರಲ್ಲ. ಅವಳು ಕೊಟ್ಟದ್ದನ್ನ ಬೇಡ ಅನ್ನೋದಂತೂ ಕನಸಿನಲ್ಲೂ ಇಲ್ಲ. ರಿಸ್ಸಾನ ಮದುವೆಯಲ್ಲಿ ನಡೆದದ್ದಕ್ಕೆಲ್ಲ ಇದೇ ಕಾರಣ.

ರಿಸ್ಸಾ ದೊಡ್ಡ ಕುಲದವನು, ನಮ್ಮ ಖಮಿದೂನ್‌ನ ಒಬ್ಬನೇ ಮಗ. ಖಮಿದೂನ್‌ನ ಮನೆಗೆ ನಮ್ಮಜ್ಜಿ ಕಾಲದಿಂದ ತೊಗಲಿನ ಕೆಲಸ ಮಾಡಿಕೊಂಡು ಬಂದವರು ನಾವು. ಹಬ್ಸಾತುವಿನ ಮಗಳು ಮಿಂತುವನ್ನ ರಿಸ್ಸಾಗೆ ಕೇಳಿ, ಆರು ಸಲ ಓಡಾಡಿ, ಚಪ್ಪಲಿ ಸವೆಸಿ ಮದುವೆ ಕುದುರಿಸಿದವಳು ನಾನೇ. ಇನ್ನು ನಾಲ್ಕು ದಿನ ಇದೆ ಅನ್ನುವಾಗ ಅವನು ಒಂದು ಗಂಟು ಹೊತ್ತುಕೊಂಡು ನನ್ನ ಗುಡಾರಕ್ಕೆ ಬಂದ.

"ಕಲ್ತೂಮವ್ವ, ಇದಕ್ಕೆ ಕುಚ್ಚು ಕಟ್ಟಿಕೊಡು," ಅಂದ.

ಬಿಚ್ಚಿ ನೋಡಿದರೆ ಒಂಟೆಯ ಸಾಜು. ಮೂಗುದಾರ, ಎದೆಪಟ್ಟಿ, ಜೀನನ್ನ ಒಂಟೆಯ ಹೊಟ್ಟೆಗೆ ಬಿಗಿಯೋ ಹೊಟ್ಟೆಪಟ್ಟಿ. ಎಲ್ಲ ಕೆಂಪು, ಹೊಳೀತಾ ಇದೆ. ಅತ್ತೆ ಮನೆಯ ಉಡುಗೊರೆ. ಹಬ್ಸಾತುವಿನ ತಮ್ಮ ಘುಮೂರ್ ಅಗಾದೆಜ್ ಪೇಟೆಯಲ್ಲಿ ನಾಲ್ಕು ಹೊಲಿಗೆ ಮಿಷನ್ ಹಾಕಿಕೊಂಡು ಕೂತಿದ್ದಾನೆ, ಅವನ ಅಂಗಡಿಯಲ್ಲಿ ತಯಾರಾದದ್ದು. ತೊಗಲು ಒಳ್ಳೇದೇ. ನಾನು ಸುಳ್ಳು ಹೇಳಲ್ಲ, ಮೇಕೆ ತೊಗಲು ಹದವಾಗಿತ್ತು, ಬಣ್ಣ ಎಲ್ಲ ಕಡೆ ಒಂದೇ ಸಮ ಕೂತಿತ್ತು. ಆದರೆ ಹೊಟ್ಟೆಪಟ್ಟಿಯನ್ನ ತಿರುಗಿಸಿ, ಕಬ್ಬಿಣದ ಬಳೆ ಕೂಡೋ ಜಾಗದಲ್ಲಿ ಹೆಬ್ಬೆರಳು ಒತ್ತಿ ನೋಡಿದೆ. ಬಳೆಯ ಅಂಚಿಗೆ ಉಜ್ಜಿ ಒಂದು ಹೊಲಿಗೆ ಆಗಲೇ ಕಡಿದುಹೋಗಿತ್ತು. ಪಕ್ಕದ್ದು ಸಡಿಲ. ಅದರ ಪಕ್ಕದ್ದೂ ಸಡಿಲ.

"ಇದನ್ನ ಕಟ್ಟಿ ನೋಡಿದೆಯಾ?" ಅಂದೆ.

"ಒಂದೇ ಸಲ. ಬಾವಿ ತನಕ ಹೋಗಿ ಬಂದೆ."

"ಬಾವಿ ತನಕ ಹೋಗಿ ಬರೋದಕ್ಕೇ ಹೀಗಾಗಿದೆ. ಮದುವೆ ದಿನ ಹೆಂಗಸರ ಸುತ್ತ ಒಂಟೆ ಓಡಿಸುವಾಗ ಏನಾಗುತ್ತೆ?"

ಅವನು ನೆಲ ನೋಡಿದ. ಕಣ್ಣು ಬಿಟ್ಟರೆ ಬೇರೇನೂ ಕಾಣದ ಮುಖ ಅದು, ಆದರೂ ನನಗೆ ತಿಳೀತು. ಇವನಿಗೆ ಗೊತ್ತು.

"ನೀನು ನೋಡಿದ್ದೀಯ," ಅಂದೆ.

"ಕುಚ್ಚು ಕಟ್ಟು ಕಲ್ತೂಮವ್ವ. ಅಷ್ಟೇ ಕೇಳಿದ್ದು ನಾನು."

"ನಿಮ್ಮಪ್ಪನ ಕಾಲು ನೋಡಿದ್ದೀಯಲ್ಲೋ, ದಿನಾ ಬೆಳಗೆದ್ದು?"

"ಅವರ ಮನೆಯಿಂದ ಬಂದದ್ದು. ನಾನು ಹೇಗೆ ಬೇಡ ಅನ್ನಲಿ? ಕಟ್ಟದೆ ಹೋದರೆ ಅವರು ನೋಡಲ್ವಾ?" ಅಂದ. ಅವರು ಅಂದರೆ ಹಬ್ಸಾತು. ಹೆಸರು ಹೇಳೋ ಹಾಗಿಲ್ಲವಲ್ಲ. "ಬಿದ್ದರೆ ಬೀಳ್ತೀನಿ," ಅಂತ ಹೇಳಿ ಎದ್ದು ಹೋದ.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಸಿಟ್ಟಿಗಿಂತ ಹೆಚ್ಚಾಗಿ ಭಯ. ಯಾಕೆ ಅಂತ ಈಗ ಹೇಳ್ತೀನಿ, ಇಪ್ಪತ್ತೈದು ವರ್ಷ ಯಾರಿಗೂ ಹೇಳದ್ದು.

ಖಮಿದೂನ್‌ನ ಮದುವೆಯಲ್ಲಿ ನನಗೆ ಹದಿನೇಳು. ಆ ವಾರ ನಮ್ಮಮ್ಮನಿಗೆ ಕಣ್ಣುಬೇನೆ, ಕೆಂಡದ ಹಾಗೆ ಕೆಂಪಾಗಿ ಬಾತಿತ್ತು. ಮದುಮಗನ ಹೊಟ್ಟೆಪಟ್ಟಿ ಹೊಲಿಯೋದು ನನ್ನ ಪಾಲಿಗೆ ಬಂತು. ನಮ್ಮ ಹೊಲಿಗೆ ಅಂದರೆ ಒಂದೇ ದಾರ, ಎರಡು ಮೊನೆ. ಆರಿಯಿಂದ ತೂತು ಚುಚ್ಚಬೇಕು, ಅದೇ ತೂತಿಗೆ ಒಂದು ಮೊನೆಯನ್ನ ಈಚೆಯಿಂದ ತೂರಿಸಬೇಕು, ಇನ್ನೊಂದನ್ನ ಆಚೆಯಿಂದ. ಎರಡನ್ನೂ ಎಳೆದು ಬಿಗಿದು, ಮುಂದಿನ ತೂತು. ಒಂದು ಗೇಣು ಹೊಲಿಯೋ ಹೊತ್ತಿಗೆ ನೆರಳು ಎರಡು ಮೊಳ ಜರುಗಿರುತ್ತೆ. ನಾನು ಎಲ್ಲ ಸರಿಯಾಗಿಯೇ ಮಾಡಿದೆ, ಕೊನೆಯ ಗೇಣು ಬಿಟ್ಟು. ಆ ಹೊತ್ತಿಗೆ ಆಚೆ ಗುಡಾರದಲ್ಲಿ ಹೆಂಗಸರು ತಮಟೆ ಬಿಗಿದು ಬಡಿಯೋಕೆ ಶುರು ಮಾಡಿದ್ದರು. ನನಗೆ ಹೊಸ ಬಟ್ಟೆ ಉಡಬೇಕು, ಕಾಡಿಗೆ ಹಚ್ಚಬೇಕು, ಹೋಗಿ ಮುಂದಿನ ಸಾಲಿನಲ್ಲಿ ಕೂರಬೇಕು. ಆತುರಗಾರನಿಗೆ ಬುದ್ಧಿ ಮಟ್ಟ. ಒಂದು ಮೊನೆಯನ್ನ ಕತ್ತರಿಸಿ ಬಿಸಾಕಿ, ಉಳಿದ ಒಂದರಲ್ಲೇ ಮೇಲೆ ಕೆಳಗೆ ಸರಸರ ಓಡಿಸಿ ಗಂಟು ಹಾಕಿದೆ. ಮೇಲಿಂದ ನೋಡಿದರೆ ಯಾರಿಗೂ ಗೊತ್ತಾಗಲ್ಲ.

ಮೂರನೇ ಸುತ್ತಿನಲ್ಲಿ ಖಮಿದೂನ್ ಬಿದ್ದ. ಜೀನು ಸಮೇತ ಬಿದ್ದ. ಸೊಂಟದ ಮೂಳೆ ಮುರೀತು, ಎಡಗಾಲು ಸಣ್ಣದಾಯ್ತು. ಎಲ್ಲರೂ ಓಡಿ ಹೋಗಿ ಎತ್ತುವಾಗ ಅವನು ಹೇಳಿದ್ದು ಒಂದೇ ಮಾತು: "ಒಂಟೆ ಎಡವಿತು." ಹರಿದ ಪಟ್ಟಿಯನ್ನ ಅವನೇ ಸುತ್ತಿ ಅಂಗಿಯೊಳಗೆ ಸೇರಿಸಿಕೊಂಡ. ಆಮೇಲೆ ಅದನ್ನ ಯಾರೂ ನೋಡಲಿಲ್ಲ. ಎರಡು ವರ್ಷ ಆ ಒಂಟೆಯನ್ನ ಎಡವಟ್ಟು ಅಂತ ಬೈದು ಕೊನೆಗೆ ಮಾರಿದರು ಪಾಪ.

ಎಲ್ಲರ ಗುಟ್ಟನ್ನೂ ಬೀದಿಗೆ ತರೋ ನಾನು ಇದೊಂದನ್ನ ಮಾತ್ರ ನುಂಗಿಕೊಂಡು ಕೂತಿದ್ದೆ. ನಾಚಿಕೆ ಇಲ್ಲದ ಕುಲ ನಮ್ಮದು ಅಂತಾರೆ. ನನಗೆ ಇತ್ತು, ಅವನ ಕುಂಟು ಹೆಜ್ಜೆ ಸದ್ದು ಕೇಳಿದಾಗಲೆಲ್ಲ ಇತ್ತು. ಆವತ್ತಿಂದ ಇವತ್ತಿನ ತನಕ ಒಂದೇ ಒಂದು ಹೊಲಿಗೆಯನ್ನೂ ಒಂದು ಮೊನೆಯಲ್ಲಿ ಹಾಕಿಲ್ಲ ನಾನು.

ಮಾರನೆಯ ಬೆಳಿಗ್ಗೆ ಆ ಪಟ್ಟಿಯನ್ನೂ, ನಾನೇ ಹದಿನೈದು ವರ್ಷದ ಹಿಂದೆ ಹೊಲಿದ ಹಳೇ ಹೊಟ್ಟೆಪಟ್ಟಿಯೊಂದನ್ನೂ ಹೆಗಲಿಗೆ ಹಾಕಿಕೊಂಡು ಹಬ್ಸಾತುವಿನ ಗುಡಾರಕ್ಕೆ ಹೋದೆ. ಹಬ್ಸಾತು ನೆರಳಲ್ಲಿ ಕೂತು ಖರ್ಜೂರದ ಬೀಜ ತೆಗೀತಾ ಇದ್ದಳು. ಘುಮೂರ್ ಪೇಟೆಯಿಂದ ಬಂದು ಚಹಾ ಕಾಸ್ತಾ ಇದ್ದ. ಸ್ವಲ್ಪ ದೂರದ ಚಾಪೆ ಮೇಲೆ, ಮದುವೆಗೆ ಎಷ್ಟು ಕುರಿ ಅಂತ ಮಾತಾಡೋಕೆ ಬಂದಿದ್ದ ಖಮಿದೂನ್. ಅವನನ್ನ ನೋಡಿ ಒಂದು ಕ್ಷಣ ಕಾಲು ಹಿಂದಕ್ಕೆ ಹೋಯ್ತು. ಆದರೂ ಹೋಗಿ ಪಟ್ಟಿಯನ್ನ ಹಬ್ಸಾತುವಿನ ಮುಂದೆ ಹಾಕಿದೆ.

"ನಿನ್ನ ಅಳಿಯ ಸಾಯೋದನ್ನ ನೋಡಬೇಕು ಅಂತ ಆಸೆ ಇದ್ದರೆ ಇದನ್ನೇ ಕಟ್ಟಿಸು," ಅಂದೆ.

ಹಬ್ಸಾತುವಿನ ಕೈ ನಿಂತಿತು. ಘುಮೂರ್ ನಕ್ಕ.

"ಬಂದಳಪ್ಪ ಕಮ್ಮಾರಗಿತ್ತಿ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಿನಗೆ ವಾರಕ್ಕೆ ಒಂದು ಪಟ್ಟಿ ಆಗುತ್ತೆ ಕಲ್ತೂಮ. ನನ್ನ ಹುಡುಗರು ಮಧ್ಯಾಹ್ನದ ಊಟದೊಳಗೆ ಹತ್ತು ಮುಗಿಸ್ತಾರೆ. ಹೊಟ್ಟೆಕಿಚ್ಚಾಗೋದು ಸಹಜ ಬಿಡು."

"ಹತ್ತು ಮುಗಿಸಲಿ, ಇಪ್ಪತ್ತು ಮುಗಿಸಲಿ. ಹಿಟ್ಟಿನ ಚೀಲ ಹೊಲಿ, ದಿಂಬು ಹೊಲಿ, ನಾನು ತುಟಿ ಬಿಚ್ಚಲ್ಲ. ಮನುಷ್ಯನ ಜೀವ ತೂಗಾಡೋ ಪಟ್ಟಿ ಹೊಲೀಬೇಡ."

"ಗೆರೆ ನೋಡು, ಗೆರೆ. ಓತಿಕೇತ ಓಡಿದ ಹಾಗಿದೆಯಾ ನಿನ್ನದರ ಥರ?"

"ನಿನ್ನದು ನೆಟ್ಟಗಿದೆ, ಇಲ್ಲ ಅಂದೆನಾ? ರಿಸ್ಸಾ ಗೆರೆ ಮೇಲೆ ಕೂರಲ್ಲ ಕಣಪ್ಪ. ನಿನ್ನ ಮಿಷನ್‌ಗೆ ಎರಡು ದಾರ. ಮೇಲಿನದು ಮೇಲೇ ಓಡುತ್ತೆ, ಕೆಳಗಿನದು ಕೆಳಗೇ ಓಡುತ್ತೆ, ನಡುವೆ ತೊಗಲೊಳಗೆ ಒಂದಕ್ಕೊಂದು ಕೊಕ್ಕೆ ಹಾಕಿಕೊಂಡಿರುತ್ತೆ, ಅಷ್ಟೇ. ಒಂದು ಬಿಟ್ಟುಕೊಂಡರೆ ಪಕ್ಕದ್ದಕ್ಕೆ ಆಸರೆ ಇಲ್ಲ. ನನ್ನದರಲ್ಲಿ ಪ್ರತಿ ತೂತಲ್ಲೂ ಎರಡೂ ಮೊನೆ ಹಾದು ಹೋಗಿದೆ. ಒಂದು ಕಡೆ ಕಡಿದರೆ ಇನ್ನೊಂದು ಕಡೆಯದು ಬಿಡಲ್ಲ."

"ಬಾಯಲ್ಲಿ ಎಲ್ಲರೂ ಹೊಲೀತಾರೆ," ಅಂದ ಘುಮೂರ್, ಲೋಟಕ್ಕೆ ಚಹಾ ಎತ್ತಿ ಹೊಯ್ತಾ. "ಹೊಲಿಗೆ ಬಿಟ್ಟು ಯಾರಾದರೂ ಬಿದ್ದದ್ದನ್ನ ನೋಡಿದ್ದೀಯಾ? ಒಬ್ಬನ ಹೆಸರು ಹೇಳು."

ಅವನು ಸುಮ್ಮನೆ ಕೇಳಿದ್ದು. ನಾನು ಚಾಪೆ ಕಡೆ ನೋಡಿದೆ. ಖಮಿದೂನ್ ಮರಳಿನ ಮೇಲೆ ಬೆರಳಾಡಿಸ್ತಾ ಕೂತಿದ್ದ, ಎಡಗಾಲು ಹೊರಗೆ ಚಾಚಿಕೊಂಡು. ಹೇಳಿದರೆ ನನ್ನ ಮರ್ಯಾದೆ ಹೋಗುತ್ತೆ. ನಾಳೆಯಿಂದ ಯಾರು ನನಗೆ ಕೆಲಸ ಕೊಡ್ತಾರೆ? ಹೇಳದಿದ್ದರೆ ಹುಡುಗ ಹೋಗ್ತಾನೆ.

"ಅಗೋ, ಅಲ್ಲಿ ಕೂತಿದ್ದಾನಲ್ಲ, ಅವನು," ಅಂದೆ. "ಇಪ್ಪತ್ತೈದು ವರ್ಷದ ಹಿಂದೆ ಅವನ ಪಟ್ಟಿ ಹೊಲಿದವಳು ನಾನು. ಕೊನೆಯ ಗೇಣನ್ನ ಒಂದೇ ಮೊನೆಯಲ್ಲಿ ಹೊಲಿದೆ, ತಮಟೆ ಹತ್ತಿರ ಹೋಗಿ ಕೂರೋ ಆತುರಕ್ಕೆ. ಅದು ಬಿಚ್ಚಿಕೊಂಡಿತು. ಒಂಟೆ ಎಡವಲಿಲ್ಲ. ಆ ಕಾಲು ನನ್ನಿಂದ ಹೋದದ್ದು."

ಹಬ್ಸಾತು ಬಾಯಿಗೆ ಸೆರಗು ಇಟ್ಟುಕೊಂಡಳು. ಚಹಾ ಉಕ್ಕಿ ಕೆಂಡದ ಮೇಲೆ ಬಿತ್ತು, ಘುಮೂರ್ ನೋಡಲಿಲ್ಲ. ಎಲ್ಲರೂ ಖಮಿದೂನ್ ಕಡೆ ತಿರುಗಿದರು.

ಅವನು ಮುಂಡಾಸಿನ ಸೆರಗನ್ನ ಇನ್ನೂ ಒಂದು ಬೆರಳು ಮೇಲಕ್ಕೆ ಎಳೆದುಕೊಂಡ. "ಒಂಟೆ ಎಡವಿತ್ತು," ಅಂದ.

ನೋಡಿ ಹೇಗಿದೆ. ಜೀವಮಾನದಲ್ಲಿ ಒಂದು ಸಲ ಮಾನ ಬಿಟ್ಟು ನಿಜ ಹೇಳಿದರೆ, ಏಟು ತಿಂದವನೇ ಅದು ಸುಳ್ಳು ಅಂತಾನೆ. ಘುಮೂರ್ ತೊಡೆ ತಟ್ಟಿಕೊಂಡು ನಕ್ಕ. "ಆಯ್ತಲ್ಲ, ಬಿದ್ದವನೇ ಹೇಳಿದ. ಮಿಷನ್ ಮೇಲಿನ ಸಿಟ್ಟಿಗೆ ಇಲ್ಲದ ಪಾಪ ಕೂಡ ತಲೆ ಮೇಲೆ ಹಾಕ್ಕೊಳ್ತಾಳಲ್ಲಪ್ಪ ಇವಳು."

"ಹಾಗಾದರೆ ಚಾಕು ತೆಗಿ," ಅಂದೆ. "ನಿನ್ನ ಚಾಕು, ನಿನ್ನ ಕೈ. ನಿನ್ನ ಪಟ್ಟಿಯಲ್ಲಿ ಒಂದು ಹೊಲಿಗೆ ಕೊಯ್ಯಿ, ನನ್ನದರಲ್ಲಿ ಒಂದು ಕೊಯ್ಯಿ. ಆಮೇಲೆ ಎರಡನ್ನೂ ಆ ಜಾಲಿ ಮರಕ್ಕೆ ಕಟ್ಟಿ ಎಳಿ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ?"

ಘುಮೂರ್ ಹಬ್ಸಾತುವಿನ ಮುಖ ನೋಡಿದ. ಹೊಸ ಉಡುಗೊರೆಗೆ ಚಾಕು ಹಾಕೋದಾ ಅಂತ. ಹಬ್ಸಾತು ತಲೆ ಆಡಿಸಿದಳು, ಕೊಯ್ಯಿ ಅಂತ.

ಮೊದಲು ಅವನದು. ಬಳೆಯನ್ನ ಮರದ ಕೊಂಬೆಯ ಮೋಟಿಗೆ ಸಿಗಿಸಿ, ಒಂದು ಹೊಲಿಗೆ ಕೊಯ್ದು, ಪಟ್ಟಿಯನ್ನ ಕೈಗೆ ಸುತ್ತಿಕೊಂಡು ಜಗ್ಗಿದ. ಮೊದಲ ಜಗ್ಗಿಗೆ ಏನೂ ಆಗಲಿಲ್ಲ, ನನ್ನ ಕಡೆ ಒಂದು ನೋಟ ಬಿಟ್ಟ. ಎರಡನೆಯ ಜಗ್ಗಿಗೆ ಕೊಯ್ದ ಜಾಗ ಬಾಯಿ ಬಿಡ್ತು. ಮೂರನೆಯದಕ್ಕೆ ಟರ್‍ರ್ ಅಂತ ಬಳೆಯಿಂದ ತುದಿಯ ತನಕ ಬಿಚ್ಚಿಕೊಂಡು, ಅವನು ಹಿಂದಕ್ಕೆ ಮುಗ್ಗರಿಸಿ ಕೂತ. ದಾರ ಒಂದೇ ಎಳೆಯಾಗಿ ಮರದಿಂದ ನೇತಾಡ್ತಾ ಇತ್ತು.

ಆಮೇಲೆ ನನ್ನದು. ಒಂದು ಕೊಯ್ದು ಜಗ್ಗಿದ. ಇನ್ನೊಂದು ಕೊಯ್ದು ಜಗ್ಗಿದ. ಕಾಲನ್ನ ಮರಕ್ಕೆ ಕೊಟ್ಟು ಜಗ್ಗಿದ. ನಾನು ಕೇಳಿದ್ದು ಒಂದು, ಅವನು ನಾಲ್ಕು ಕೊಯ್ದ, ಒಂದು ಬಿಟ್ಟು ಒಂದು. ಕೊಯ್ದಲ್ಲಿ ದಾರದ ತುದಿ ಹುಲ್ಲಿನ ಹಾಗೆ ಎದ್ದು ನಿಂತಿತ್ತು, ಉಳಿದದ್ದು ಅಲ್ಲಾಡಲಿಲ್ಲ. ಜಗ್ಗಿ ಜಗ್ಗಿ ಬೆವರು ಕಿತ್ತುಕೊಂಡು ಕೊನೆಗೆ ಅವನ ಮುಂಡಾಸಿನ ಸೆರಗೇ ಜಾರಿ ಗದ್ದಕ್ಕೆ ಬಂತು. ಅಕ್ಕನ ಎದುರಿಗೆ, ಬೀಗರ ಎದುರಿಗೆ, ನನ್ನ ಎದುರಿಗೆ ಬಾಯಿ, ಮೀಸೆ ಎಲ್ಲ ಬಯಲು.

"ಸೆರಗು ಏರಿಸ್ಕೊ ತಂದೆ," ಅಂದೆ. "ಅದನ್ನೂ ಮಿಷನ್ನಲ್ಲೇ ಹೊಲಿಸಿದ್ದಾ?"

ಹಬ್ಸಾತು ನಗು ತಡೆಯೋಕೆ ಆಗದೆ ಆ ಕಡೆ ತಿರುಗಿದಳು. ಘುಮೂರ್ ಪಾಪ ಅಷ್ಟು ಕೆಟ್ಟವನಲ್ಲ. ಸೆರಗು ಸರಿ ಮಾಡಿಕೊಂಡು ಬಂದು ನನ್ನ ಪಟ್ಟಿಯನ್ನ ತಿರುಗಿಸಿ ಮುರುಗಿಸಿ ನೋಡಿ, "ಇದು ಯಾವ ದಾರ?" ಅಂತ ಕೇಳಿದ. ಒಂಟೆಯ ನರದ್ದು ಅಂದೆ.

ಹಬ್ಸಾತು ಬಿಚ್ಚಿಹೋದ ಕೆಂಪು ಪಟ್ಟಿಯನ್ನ ಮಡಿಲಿಗೆ ಎಳೆದುಕೊಂಡು ಸ್ವಲ್ಪ ಹೊತ್ತು ಸವರಿದಳು. ಇಷ್ಟಪಟ್ಟು ಮಾಡಿಸಿದ್ದಳು, ಸಂಕಟ ಆಗೇ ಆಗುತ್ತೆ.

"ಆ ಹುಡುಗ ಇದನ್ನ ನೋಡಿದ್ದನಾ, ಹೀಗಿದೆ ಅಂತ?" ಅಂತ ಕೇಳಿದಳು. ಅವಳೂ ಅಳಿಯನ ಹೆಸರು ಹೇಳೋ ಹಾಗಿಲ್ಲ.

"ನೋಡಿದ್ದ."

"ನೋಡಿಯೂ ಹತ್ತುತ್ತಿದ್ದನಾ?"

"ನೀನು ಕೊಟ್ಟದ್ದಲ್ವಾ ತಾಯಿ. ಹತ್ತುತ್ತಿದ್ದ."

ಅವಳ ಕಣ್ಣಲ್ಲಿ ನೀರು ಬಂತು. "ಇದೇ ತೊಗಲನ್ನ ನಿನ್ನ ದಾರದಲ್ಲಿ ಹೊಲಿದು ಕೊಡು ಕಲ್ತೂಮ. ಮೂರು ದಿನ ಸಾಕಾ?"

ಸಾಕಾಗಲ್ಲ. ಆದರೂ ಸಾಕು ಅಂದೆ. ಮಿಷನ್ ಚುಚ್ಚಿದ ತೂತು ಒತ್ತೊತ್ತಾಗಿ ತೊಗಲೇ ಜರಡಿ ಆಗಿತ್ತು, ಆ ಅಂಚನ್ನ ಕೊಯ್ದು ತೆಗೆದು ಒಂದು ಬೆರಳು ಒಳಗೆ ಹೊಸ ಸಾಲು ಹಿಡಿದೆ. ದಾರಕ್ಕೆ ಜೇನುಮೇಣ ತಿಕ್ಕಿದೆ. ಸಣ್ಣ ಆರಿಯಿಂದ ಚುಚ್ಚಿದ ತೂತು ದಾರದ ಮೇಲೆ ತಾನೇ ಬಾಯಿ ಮುಚ್ಚಿಕೊಳ್ಳುತ್ತೆ, ಮರಳು ಒಳಗೆ ಹೋಗಲ್ಲ, ನೀರೂ ಹೋಗಲ್ಲ. ಬಳೆಯ ಸುತ್ತ ಎರಡು ಸಾಲು ಹಾಕಿದೆ. ಬೆರಳು ಸಂದಿ ಒಡೆದು ರಕ್ತ ಬಂತು, ಬಟ್ಟೆ ಸುತ್ತಿಕೊಂಡು ಹೊಲಿದೆ. ಮದುವೆ ದಿನ ತಮಟೆ ಸದ್ದು ಶುರುವಾದಾಗ ಇನ್ನೂ ಅರ್ಧ ಗೇಣು ಬಾಕಿ. ಬಡಿಯಲಿ ಅಂತ ಕೂತೆ. ರಿಸ್ಸಾ ಎರಡು ಸಲ ಬಂದು ಇಣುಕಿದ. "ಇನ್ನೊಂದು ಸಲ ಬಂದರೆ ಆರಿಯಲ್ಲಿ ನಿನ್ನನ್ನೇ ಹೊಲೀತೀನಿ," ಅಂದೆ. ಮುಗಿಸಿ, ನಾನೇ ಹೋಗಿ ಒಂಟೆಗೆ ಬಿಗಿದು, ಬಳೆಯ ಹತ್ತಿರ ಹೆಬ್ಬೆರಳು ಒತ್ತಿ ನೋಡಿದೆ. ಕಲ್ಲು.

ಆಮೇಲೆ ಉಟ್ಟ ಬಟ್ಟೆಯಲ್ಲೇ ಹೋಗಿ ಹೆಂಗಸರ ನಡುವೆ ತಮಟೆ ಹತ್ತಿರ ಕೂತೆ. ಇಪ್ಪತ್ತು ಒಂಟೆ ನಮ್ಮ ಸುತ್ತ ಸುತ್ತೋಕೆ ಶುರು ಮಾಡಿದವು, ಹತ್ತಿರ, ಇನ್ನೂ ಹತ್ತಿರ, ಧೂಳು ಬಾಯಿಗೆ ಬರೋ ಅಷ್ಟು. ಒಬ್ಬ ಸವಾರ ಬಗ್ಗಿ ಯಾರದಾದರೂ ತಲೆವಸ್ತ್ರ ಕಿತ್ತುಕೊಂಡು ಓಡಬೇಕು, ಉಳಿದವರು ಅಟ್ಟಬೇಕು, ಅದು ಆಟ. ಚೆಲುವೆಯರು ತಲೆ ಎತ್ತಿ ಕಾಯ್ತಾ ಇದ್ದರು. ಮೂರನೇ ಸುತ್ತು ಬಂತು. ನಾನು ಬಡಿಯೋದು ಬಿಟ್ಟೆ. ರಿಸ್ಸಾ ಜೀನಿಂದ ಪೂರ್ತಿ ಈ ಪಕ್ಕಕ್ಕೆ ತೂಗಿ ಬಗ್ಗಿದ, ತಲೆ ನನ್ನ ಮಂಡಿಯ ಹತ್ತಿರ, ಅವನ ಭಾರವೆಲ್ಲ ಆ ಒಂದು ಪಟ್ಟಿಯ ಮೇಲೆ. ನನ್ನ ತಲೆವಸ್ತ್ರವನ್ನೇ ಕಿತ್ತುಕೊಂಡ, ಮುದಿಯದ್ದನ್ನ. ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ಅವನು ಎದ್ದು ಕೂತು, ಒಂಟೆ ತಿರುಗಿಸಿ, ಒಣ ಹಳ್ಳದ ಕಡೆ ಹಾರಿಸಿಕೊಂಡು ಹೋದ. ಹತ್ತೊಂಬತ್ತು ಜನ ಅಟ್ಟಿದರೂ ಸಿಗಲಿಲ್ಲ.

ಬಿಸಿಲು ಇಳಿಯೋ ಹೊತ್ತಿಗೆ ನಾನು ನನ್ನ ಗುಡಾರದ ಮುಂದೆ ಕೂತು ಬೆರಳಿಗೆ ಬೆಣ್ಣೆ ಹಚ್ಚಿಕೊಳ್ತಾ ಇದ್ದೆ. ಆ ಕುಂಟು ಹೆಜ್ಜೆ ಸದ್ದು ಬಂತು. ಖಮಿದೂನ್ ನನ್ನ ತಲೆವಸ್ತ್ರ ಮಡಚಿ ತಂದಿದ್ದ. ಕೊಟ್ಟು, ಹೋಗದೆ ನಿಂತ. ಆಮೇಲೆ ಕೂತ.

"ಒಂಟೆ ಎಡವಿರಲಿಲ್ಲ," ಅಂದ.

"ಅದನ್ನೇ ನಾನು ಹೇಳಿದ್ದು ಮೊನ್ನೆ. ಎಲ್ಲರ ಮುಂದೆ ನನ್ನನ್ನ ಸುಳ್ಳಿ ಮಾಡಿದೆ."

"ಆವತ್ತು ಪಟ್ಟಿ ಬಿಗಿದವನು ನಾನೇ ಕಲ್ತೂಮ. ಬಿಗಿಯುವಾಗ ಕೊನೆಯ ಗೇಣು ಬೆರಳಿಗೆ ಸಿಕ್ತು. ದಾರ ಒಂದೇ ಇತ್ತು."

ನನಗೆ ಮೊದಲು ಅರ್ಥವೇ ಆಗಲಿಲ್ಲ. "ಹತ್ತೋಕೆ ಮುಂಚೆಯಾ?"

"ಮುಂಚೆ."

"ಗೊತ್ತಿದ್ದೂ ಹತ್ತಿದೆಯಾ?"

"ನೀನು ಅಲ್ಲೇ ಎದುರಿಗೆ ನಿಂತಿದ್ದೆ. ಹೊಸ ಬಟ್ಟೆ ಉಟ್ಟುಕೊಂಡು. ನಿಮ್ಮಮ್ಮ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಬಂದು, ನನ್ನ ಮಗಳೇ ಹೊಲಿದದ್ದು ಅಂತ ಎಲ್ಲರಿಗೂ ಹೇಳ್ತಾ ಇದ್ದಳು. ನಾನು ಹೇಗೆ ಹೇಳಲಿ?"

ನಾನು ಅವನನ್ನ ಬಾಯಿಗೆ ಬಂದ ಹಾಗೆ ಬೈದೆ. ನಿನ್ನ ನಾಚಿಕೆಗೆ ಬೆಂಕಿ ಹಾಕ ಅಂದೆ, ನಿನ್ನ ದೊಡ್ಡ ಕುಲಕ್ಕಿಷ್ಟು ಅಂದೆ. ಬೈತಾ ಬೈತಾ ಅಳು ಬಂತು. ಇಪ್ಪತ್ತೈದು ವರ್ಷದ್ದು, ನಿಲ್ಲಿಸೋಕಾಗಲಿಲ್ಲ. ಅವನು ಮರಳು ನೋಡ್ತಾ ಕೂತಿದ್ದ. ನಾನು ಮೂಗು ಒರೆಸಿಕೊಂಡ ಮೇಲೆ ಒಂದು ಸಲ ಕೆಮ್ಮಿದ.

"ಕಲ್ತೂಮ."

"ಏನು?"

"ಈ ಎಡಗಾಲಿನ ಚಪ್ಪಲಿ ಕಚ್ಚುತ್ತೆ," ಅಂದ. "ನೀನು ಕೊಟ್ಟಾಗಿಂದ ಕಚ್ಚುತ್ತೆ. ಹೆಬ್ಬೆರಳ ಹತ್ತಿರ."

ಆ ಚಪ್ಪಲಿ ಹೊಲಿದುಕೊಟ್ಟು ಎರಡು ವರ್ಷ ಆಗಿತ್ತು. ನಾನು ಅವನ ಮುಖ ನೋಡಿದೆ, ಕಣ್ಣು ಮಾತ್ರ ಕಾಣ್ತಾ ಇತ್ತು.

"ಬಿಚ್ಚು ಇಲ್ಲಿ," ಅಂತ ಹೇಳಿ, ಆರಿ ತರೋಕೆ ಒಳಗೆ ಹೋದೆ.